ಸಿಸ್ಟಮ್ ಒಳಗೊಂದು ಗೆರೆ

ಜಮೀನಿನ ಹಳೆಯ ದಾಖಲೆಯಲ್ಲಿ ‘ಪೋನಪ’ ಅಂತಿತ್ತು. ವಂಶವೃಕ್ಷದಲ್ಲಿ ‘ಪೊನ್ನಪ್ಪ’. ಪಕ್ಕದ ತೋಟದ ಹಿರಿಯರೊಬ್ಬರ ಜೊತೆ ಕಚೇರಿಗೆ ಹೋಗಿದ್ದೆ. “ಎರಡೂ ನನ್ನ ಅಜ್ಜನ ಹೆಸರೇ” ಅಂತ ಅವರು ಮೂರು ಸಲ ಹೇಳಿದರು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಒಳ್ಳೆಯವನು. ಬೇಜಾರು ಮಾಡಿಕೊಳ್ಳದೆ ಮತ್ತೆ ಮತ್ತೆ ಟೈಪ್ ಮಾಡಿ ನೋಡಿದ. ಕೊನೆಗೆ, “ಸಿಸ್ಟಮ್ ತಗೊಳ್ತಿಲ್ಲ ಅಜ್ಜ” ಅಂದ.

ಕೊಡಗಿನಲ್ಲಿ ಈ ತೊಂದರೆ ಜಾಸ್ತಿ. ನಮ್ಮ ಜಮ್ಮ ಜಮೀನು ರಾಜರ ಕಾಲದಿಂದ ಬಂದದ್ದು. ಗದ್ದೆಗೆ ಅಂಟಿಕೊಂಡೇ ಬಾಣೆ, ಅಂದರೆ ಮರಗಿಡದ ಎತ್ತರದ ಜಾಗ. ಜಮೀನು ಒಬ್ಬರದ್ದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ದಾಖಲೆಯಲ್ಲಿ ಪಟ್ಟೇದಾರರಾಗಿ ಹಿರಿಯರೊಬ್ಬರ ಹೆಸರಿರುತ್ತದೆ. ಅವರು ತೀರಿಕೊಂಡು ಎರಡು ತಲೆಮಾರು ಕಳೆದರೂ ಎಷ್ಟೋ ಕಡೆ ಆ ಹೆಸರು ಹಾಗೇ ಇದೆ. ಅವರ ಕೆಳಗೆ ಇಪ್ಪತ್ತು, ಮೂವತ್ತು ಜನ. ಅದೇ ಊರಿನಲ್ಲಿ ಅದೇ ಹೆಸರಿನ ಇನ್ನೂ ನಾಲ್ಕು ಜನ ಇದ್ದರೂ ಆಶ್ಚರ್ಯವಿಲ್ಲ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಊರಲ್ವಾ ಇದು!

ಕರ್ನಾಟಕದ ಭೂ ದಾಖಲೆಗಳು ಕಂಪ್ಯೂಟರಿಗೆ ಹೋದದ್ದು ‘ಭೂಮಿ’ ಯೋಜನೆಯಲ್ಲಿ, ಈ ಶತಮಾನದ ಶುರುವಿನಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು. ಆಗಿನ ಮಟ್ಟಿಗೆ ಅದು ದೊಡ್ಡ ಕೆಲಸ, ದೇಶವೇ ತಿರುಗಿ ನೋಡಿತು. ಆದರೆ ಬರೀ ಅಕ್ಷರ ನೋಡುವ ಕಂಪ್ಯೂಟರಿಗೆ ಹೆಸರು ಒಂದೋ ಪೂರ್ತಿ ಹೊಂದಬೇಕು, ಇಲ್ಲವೋ ಹೊಂದಲೇ ಇಲ್ಲ. ಮಧ್ಯದ ದಾರಿ ಇಲ್ಲ. ಈಗ ‘ಭೂ ಸುರಕ್ಷಾ’ ಅಂತ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಇಷ್ಟೊಂದು ಪುಟಗಳಲ್ಲಿ ಬೇಕಾದ್ದನ್ನು ಮನುಷ್ಯರೇ ಕೂತು ಹುಡುಕುವುದು ಆಗದ ಮಾತು. ಕೃತಕ ಬುದ್ಧಿಮತ್ತೆ, ಅಂದರೆ ಎಐ, ಸರ್ಕಾರಿ ಕಚೇರಿಯೊಳಗೆ ಕಾಲಿಡುವುದು ಇಂಥ ಕಡೆಯಿಂದಲೇ. ಮಾತಾಡುವ ರೋಬೋಟ್ ಆಗಿ ಅಲ್ಲ. ಓದುವುದು, ಬೇರೆ ಮಾಡುವುದು, ಹೊಂದಿಸುವುದು, ಇವಿಷ್ಟೇ ಅದರ ಕೆಲಸ.

ಹೊಂದಿಸುವುದು ಅಂದರೆ ಏನು? ಸ್ವಲ್ಪ ಹತ್ತಿರ ಹೋಗಿ ನೋಡೋಣ.

1965ರಲ್ಲಿ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಒಂದು ಸರಳ ಅಳತೆ ಕೊಟ್ಟರು. ಒಂದು ಪದವನ್ನು ಇನ್ನೊಂದು ಪದವನ್ನಾಗಿ ಮಾಡಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಅಂತ ಎಣಿಸಿ. ಅದೇ ಆ ಪದಗಳ ನಡುವಿನ ದೂರ. ನಮ್ಮ ಹೆಸರಿಗೆ ಇದನ್ನು ಹಾಕಿ ನೋಡಿ. ಪೊ, ನ್ನ, ಪ್ಪ. ಪೋ, ನ, ಪ. ಮೂರಕ್ಕೆ ಮೂರೂ ಅಕ್ಷರ ಬೇರೆ. ದೂರ 3. ಈಗ ‘ಪೊನ್ನಪ್ಪ’ ಮತ್ತು ‘ಪೊನ್ನಮ್ಮ’ ನೋಡಿ. ಒಂದೇ ಅಕ್ಷರ ಬೇರೆ. ದೂರ 1. ಬರೀ ಎಣಿಕೆ ನಂಬಿದರೆ ಅಜ್ಜನ ತಪ್ಪು ಬರೆದ ಹೆಸರಿಗಿಂತ ಯಾರೋ ಪೊನ್ನಮ್ಮನ ಹೆಸರೇ ಅಜ್ಜನಿಗೆ ಹತ್ತಿರ!

ಇವತ್ತಿನ ಎಐ ಇದಕ್ಕಿಂತ ಜಾಣ. ಒಂದೇ ವ್ಯಕ್ತಿಯ ಹೆಸರು ಬೇರೆ ಬೇರೆ ಥರ ಬರೆದಿರುವ ಸಾವಿರಾರು ಜೋಡಿಗಳನ್ನು ಅದಕ್ಕೆ ತೋರಿಸುತ್ತಾರೆ. ಬರೆಯುವವರು ಒತ್ತು ಬಿಡುತ್ತಾರೆ, ದೀರ್ಘ ಹೆಚ್ಚುಕಡಿಮೆ ಮಾಡುತ್ತಾರೆ, ಆದರೆ ‘ಅಪ್ಪ’ನನ್ನು ‘ಅಮ್ಮ’ ಮಾಡುವುದು ಅಪರೂಪ ಅಂತ ಅದು ಕಲಿಯುತ್ತದೆ. ಹೆಸರಿನ ಜೊತೆ ಮನೆತನ, ಊರು, ಸರ್ವೆ ನಂಬರ್ ಎಲ್ಲ ಸೇರಿಸಿ ತೂಗುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಇಷ್ಟೆಲ್ಲ ಮಾಡಿದ ಮೇಲೂ ಅದು ‘ಹೌದು, ಇವರೇ’ ಅನ್ನುವುದಿಲ್ಲ. ಒಂದು ಅಂಕ ಕೊಡುತ್ತದೆ. ನೂರಕ್ಕೆ 91 ಅಂದುಕೊಳ್ಳಿ. 91 ಸಾಕಾ? 95 ಬೇಕಾ? 80 ಬಂದರೂ ನಡೆಯುತ್ತಾ? ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆ ಗೆರೆ ಯಂತ್ರದ್ದಲ್ಲ. ಯಾವುದೋ ಕಚೇರಿಯಲ್ಲಿ ಯಾರೋ ಕೂತು ತೀರ್ಮಾನ ಮಾಡಿದ್ದು. ಎಐ ಬಗ್ಗೆ ನಡೆಯುವ ಚರ್ಚೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಗೆರೆ. ಅದರ ಬಗ್ಗೆ ಮಾತ್ರ ಯಾರೂ ಮಾತೇ ಆಡುವುದಿಲ್ಲ.

ಗೆರೆ ಸರಿಯಾದ ಕಡೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲೇ ಕಾಡಿನ ದಾರಿಯಲ್ಲಿ ಕ್ಯಾಮೆರಾ ಕಟ್ಟಿ ಹುಲಿ ಎಣಿಸಿದರು. ನಮ್ಮ ಬೆರಳಚ್ಚಿನ ಹಾಗೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. 2018ರ ದೇಶದ ಹುಲಿ ಗಣತಿಯ ಹೊತ್ತಿಗೆ ಈ ಕೆಲಸ ಎಲ್ಲಿಗೆ ಮುಟ್ಟಿತ್ತು ಗೊತ್ತಾ? 26,838 ಜಾಗಗಳಲ್ಲಿ ಕ್ಯಾಮೆರಾ, 3,48,58,623 ಫೋಟೊ. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ ಮಾತ್ರ. ಉಳಿದದ್ದು ಜಿಂಕೆ, ಆನೆ, ಚಿರತೆ, ಗಾಳಿಗೆ ಅಲ್ಲಾಡಿದ ಹುಲ್ಲು, ಸೌದೆಗೆ ಬಂದವರು. ಇವನ್ನು ಜಾತಿವಾರು ಬೇರೆ ಮಾಡಿದ್ದು ಎಐ. ಪಟ್ಟೆ ಹೊಂದಿಸಲು ಇನ್ನೊಂದು ತಂತ್ರಾಂಶ. ಇಲ್ಲಿ ಗೆರೆಯನ್ನು ಸಡಿಲವಾಗಿ ಇಡಬಹುದು. ಹೋಲುವ ಹುಲಿಗಳನ್ನೆಲ್ಲ ಯಂತ್ರ ಮುಂದಿಡಲಿ, ಕೊನೆಗೆ ಕಣ್ಣಿಟ್ಟು ನೋಡುವವರು ಜೀವವಿಜ್ಞಾನಿಗಳು. ತಪ್ಪಾದರೆ ಲೆಕ್ಕದಲ್ಲಿ ಒಂದು ಹುಲಿ ಹೆಚ್ಚುಕಡಿಮೆ. ಯಾರ ಊಟವೂ ಹೋಗುವುದಿಲ್ಲ.

ಮಳೆಯ ಗೆರೆ ಹಾಗಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅದು ಅತ್ಯಂತ ಭಾರೀ ಮಳೆ. ಎಸ್ಟೇಟಿನ ಲೆಕ್ಕದಲ್ಲಿ ಎಂಟು ಇಂಚು. ನಮ್ಮಲ್ಲಿ ಇವತ್ತಿಗೂ ಮಳೆಗೆ ಇಂಚು, ಸೆಂಟೇ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಅಲ್ವಾ. ಆದರೆ ಬೆಟ್ಟಕ್ಕೆ ಈ ಎಂಟು ಇಂಚಿನ ಗೆರೆ ಗೊತ್ತಿಲ್ಲ. ಹತ್ತು ದಿನ ಬಿಡದೆ ಸುರಿದು ನೆನೆದ ಮಣ್ಣು ನಾಲ್ಕು ಇಂಚಿಗೇ ಜಾರಬಹುದು. ಒಣಗಿದ ಬೆಟ್ಟ ಎಂಟನ್ನೂ ಕುಡಿದು ಸುಮ್ನಿರಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಬೆಟ್ಟಗಳು ಮನೆ, ತೋಟದ ಸಮೇತ ಇಳಿದು ಬಂದವು. ಮರುವರ್ಷ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ.

ಆದ್ದರಿಂದ ವಿಜ್ಞಾನಿಗಳು ಈಗ ಒಂದು ದಿನದ ಮಳೆಯನ್ನಷ್ಟೇ ನೋಡುವುದಿಲ್ಲ. ಹಿಂದಿನ ದಿನಗಳ ಮಳೆ, ಇಳಿಜಾರು, ಮಣ್ಣು, ರಸ್ತೆಗೆ ಅಗೆದ ದರೆ, ಹಿಂದೆ ಎಲ್ಲೆಲ್ಲಿ ಜಾರಿತ್ತು ಎಂಬ ನಕ್ಷೆ, ಎಲ್ಲವನ್ನೂ ಕಂಪ್ಯೂಟರಿಗೆ ಕಲಿಸುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆಯಿತು. ಮಳೆಯ ಮುನ್ಸೂಚನೆಯಲ್ಲೂ ಎಐ ಬಂದಿದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲಿಗೆ ಎಐ ಲೆಕ್ಕದ ಮಳೆ ಸುದ್ದಿ ಕಳಿಸಿತು. ಹಳೆಯ ವಿಧಾನದಲ್ಲಿ ಗಾಳಿ, ಶಾಖ, ತೇವದ ಸಮೀಕರಣಗಳನ್ನು ದೊಡ್ಡ ಕಂಪ್ಯೂಟರು ಗಂಟೆಗಟ್ಟಲೆ ಬಿಡಿಸಬೇಕು. ಎಐ ದಶಕಗಳ ಹವಾಮಾನವನ್ನು ಓದಿ, ಇಂಥ ಆಕಾಶದ ನಂತರ ಎಂಥ ಆಕಾಶ ಬರುತ್ತದೆ ಅಂತ ಕಲಿತಿರುತ್ತದೆ. ನಿಮಿಷಗಳಲ್ಲಿ ಉತ್ತರ.

ಆದರೂ ಕೊನೆಗೆ ಬರುವುದು ಅಂಕವೇ. ಈ ಬೆಟ್ಟ ನಾಳೆ ಜಾರುವ ಸಾಧ್ಯತೆ ಇಷ್ಟು, ಅಂತ. ಜನರನ್ನು ಎಬ್ಬಿಸಬೇಕಾ ಬೇಡವಾ? ಗೆರೆ ತೀರಾ ಕೆಳಗೆ ಎಳೆದರೆ ಜುಲೈ-ಆಗಸ್ಟ್ ಹೊತ್ತಿನ ಕಕ್ಕಡದ ಮಳೆಯಲ್ಲಿ ವಾರಕ್ಕೆರಡು ಸಲ ಕಾಳಜಿ ಕೇಂದ್ರಕ್ಕೆ ಓಡಬೇಕು. ಹಟ್ಟಿಯಲ್ಲಿ ದನ ಬಿಟ್ಟು, ಕತ್ತಲಲ್ಲಿ ವಯಸ್ಸಾದವರನ್ನು ನಡೆಸಿಕೊಂಡು. ಐದು ಸಲ ಏನೂ ಆಗದಿದ್ದರೆ ಆರನೇ ಸಲ ಯಾರೂ ಏಳುವುದಿಲ್ಲ. ಮೇಲೆ ಎಳೆದರೆ ಒಂದೇ ರಾತ್ರಿ ಸಾಕು. ನಾನಂತೂ ಸುಳ್ಳು ಎಚ್ಚರಿಕೆಯನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಆ ಕಷ್ಟ ಪಡಬೇಕಾದವರನ್ನು ಕೂರಿಸಿಕೊಂಡು ಕೇಳಿ ಗೆರೆ ಎಳೆಯಬೇಕು.

ಪಡಿತರ, ಪಿಂಚಣಿಯ ವಿಷಯಕ್ಕೆ ಬಂದರೆ ಎಲ್ಲ ತಿರುಗುಮುರುಗು, ಇಲ್ಲಿ ಯಂತ್ರದ ಸುಳ್ಳು ಅನುಮಾನವೇ ಊಟ ಕಿತ್ತುಕೊಳ್ಳುತ್ತದೆ. ತೆಲಂಗಾಣದಲ್ಲಿ ಸರ್ಕಾರದ ಬೇರೆ ಬೇರೆ ಪಟ್ಟಿಗಳ ಹೆಸರು ಹೊಂದಿಸುವ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಇದೆ. ಹೆಸರು ಹೋಲಿದ್ದಕ್ಕೇ ಯಾರದೋ ಕಾರು ಇನ್ಯಾರದೋ ತಲೆಗೆ ಬಂದು, ಬಡವರ ರೇಷನ್ ನಿಂತುಹೋಯಿತು. ರದ್ದಾದ ಕಾರ್ಡುಗಳನ್ನು ಮನೆಗೇ ಹೋಗಿ ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನಕ್ಕೆ ಯಂತ್ರ ಅನುಮಾನದ ಅಂಕ ಕೊಡುತ್ತಿತ್ತು. ಸಾವಿರಾರು ಕುಟುಂಬಗಳನ್ನು ಮೋಸಗಾರರು ಅಂತ ಹೇಳಿ ಹಣ ವಾಪಸ್ ಕೇಳಿದರು. ಆ ಹಗರಣಕ್ಕೆ 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ನಮ್ಮ ಹಾಡಿಗಳಲ್ಲಿರುವ ಯರವರು, ಜೇನುಕುರುಬರನ್ನು ನೆನೆದರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಒಬ್ಬರ ಹೆಸರನ್ನೇ ಒಂದೊಂದು ಕಾರ್ಡಿನಲ್ಲಿ ಒಂದೊಂದು ಥರ ಬರೆದಿರುತ್ತಾರೆ, ಬರೆದವರು ಬೇರೆ ಯಾರೋ. ಯಂತ್ರದ ಜೊತೆ ಬಾಯಲ್ಲೇ ಮಾತಾಡಬಹುದು ಅನ್ನುತ್ತಾರೆ, 2022ರಲ್ಲಿ ಶುರುವಾದ ಕೇಂದ್ರದ ‘ಭಾಷಿಣಿ’ ಇರುವುದೇ ಅದಕ್ಕೆ. ಒಳ್ಳೆಯದೇ. ಆದರೆ ಅದು ಕಲಿತದ್ದು ಕನ್ನಡದಂಥ ದೊಡ್ಡ ಭಾಷೆಗಳನ್ನು. ಯರವ ನುಡಿ, ಕೊಡವ ತಕ್ಕ್, ಅರೆಭಾಷೆ ಆಡುವ ಅಜ್ಜಿಯ ಮಾತಿಗೆ ಅದು ಎಷ್ಟು ಅಂಕ ಕೊಟ್ಟೀತು?

ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಓದಿ. ಆಡಳಿತದ ತೀರ್ಮಾನಕ್ಕೆ ಕಾರಣ ಏನು ಅಂತ, ಅದರಿಂದ ತೊಂದರೆಯಾದವರಿಗೆ ತಿಳಿಸಬೇಕು ಅನ್ನುತ್ತದೆ ಅದು. ‘ಸಿಸ್ಟಮ್ ತಗೊಳ್ತಿಲ್ಲ’ ಅನ್ನುವುದು ಕಾರಣ ಅಲ್ಲ. ಎಷ್ಟು ಅಂಕ ಬಂತು, ಗೆರೆ ಎಷ್ಟಕ್ಕೆ ಇತ್ತು, ಅದನ್ನು ಎಳೆದವರು ಯಾರು, ಗೆರೆಯ ಹತ್ತಿರ ಬಂದವರ ಕಾಗದವನ್ನು ಮನುಷ್ಯರು ನೋಡಿದರಾ? ಇಷ್ಟನ್ನು ಬರೆದು ಕೊಡುವುದು ಯಾವ ಕಚೇರಿಗೂ ಭಾರವಲ್ಲ.

ನಮ್ಮ ಪಕ್ಕದ ತೋಟದವರ ಕೆಲಸ ಕೊನೆಗೆ ಆಯಿತು. ವಿಎ, ಅಂದರೆ ಗ್ರಾಮ ಆಡಳಿತಾಧಿಕಾರಿ, ಒಂದು ಮಧ್ಯಾಹ್ನ ಅವರ ಒಕ್ಕದ ಮೂಲಮನೆಯಾದ ಐನ್‌ಮನೆಗೇ ಬಂದರು. ಪೆಟ್ಟಿಗೆಯಿಂದ ಒಂದು ಹಳೆಯ ಕರಾರು ಪತ್ರ ಹೊರಬಂತು, ಮಡಿಕೆಯ ಜಾಗದಲ್ಲಿ ಹರಿದಿತ್ತು. ಬರೆದವರು ಯಾರೋ, ಒಳಗೆಲ್ಲ ‘ಪೋನಪ’ ಅಂತಲೇ ಬರೆದಿದ್ದರು. ಕೆಳಗೆ ಅಜ್ಜ ತಮ್ಮ ಕೈಯಾರೆ, ನಿಧಾನವಾಗಿ, ಎರಡೂ ಒತ್ತು ಹಾಕಿ ರುಜು ಮಾಡಿದ್ದರು. ವಿಎ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡರು.