ಮೂರೇ ಚಿತ್ರದಲ್ಲಿ ಓಡುವ ಮಾರಿಯೋ

ಪ್ರಶ್ನೆ: ಜಾಸ್ತಿ ಫ್ರೇಮ್ (ಚಲನೆ ತೋರಿಸಲು ಒಂದಾದ ಮೇಲೊಂದು ಬರುವ ಚಿತ್ರ) ಇದ್ದರೆ ಅನಿಮೇಷನ್ ಚೆನ್ನಾಗಿರುತ್ತದೆ, ಅಲ್ವಾ? ಹಾಗಾದರೆ ಸೆಗಾ ಮೆಗಾ ಡ್ರೈವ್‌ನ ‘ಅಲ್ಲಾದ್ದೀನ್’ ಆಟ ಸೂಪರ್ ನಿಂಟೆಂಡೊದ ‘ಅಲ್ಲಾದ್ದೀನ್’ಗಿಂತ ಮೇಲಾ?

ನೋಡುವುದಕ್ಕೆ ಮೇಲು, ಅನುಮಾನವೇ ಇಲ್ಲ. ಆಡುವುದಕ್ಕೂ ಮೇಲಾ ಅಂದರೆ ಸ್ವಲ್ಪ ತಡವರಿಸುತ್ತೇನೆ.

ಎರಡೂ ಬಂದಿದ್ದು 1993ರಲ್ಲಿ, ಎರಡೂ ಟಿವಿಗೆ ಜೋಡಿಸಿ ಆಡುವ 16 ಬಿಟ್ ಯಂತ್ರಗಳಿಗೆ, ಅಂದರೆ ಕನ್ಸೋಲ್‌ಗಳಿಗೆ. ಮೆಗಾ ಡ್ರೈವ್ ಆಟ ವರ್ಜಿನ್ ಕಂಪನಿಯದು. ಅದರ ಪಾತ್ರಗಳನ್ನು ಡಿಸ್ನಿ ಅನಿಮೇಟರ್‌ಗಳೇ ಕಾಗದದ ಮೇಲೆ ಬಿಡಿಸಿದರು, ಆಮೇಲೆ ಅವು ಕಂಪ್ಯೂಟರಿಗೆ ಹೋದವು. ಅದಕ್ಕೇ ಕಾವಲುಗಾರ ಕೆಂಡದ ಮೇಲೆ ಕಾಲಿಟ್ಟು ಕುಣಿಯುವಾಗ ಕಾರ್ಟೂನ್ ಸಿನಿಮಾ ನೋಡಿದ ಹಾಗಿರುತ್ತದೆ. ಸೂಪರ್ ನಿಂಟೆಂಡೊ ಆಟ ಮಾಡಿದ್ದು ಕ್ಯಾಪ್‌ಕಾಮ್. ಅಲ್ಲಿ ಅಷ್ಟೊಂದು ಚಿತ್ರಗಳಿಲ್ಲ. ಆದರೆ ಶತ್ರುವಿನ ತಲೆ ಮೆಟ್ಟಿ ಲಾಗ ಹಾಕುವುದು, ಕಂಬಿಗೆ ಜೋತುಬಿದ್ದು ಹಾರುವುದು ಎಲ್ಲ ಬಟನ್ ಒತ್ತಿದ ತಕ್ಷಣ ಆಗುತ್ತದೆ.

ಫ್ರೇಮ್ ಕಡಿಮೆ ಇದ್ದರೆ ಅದು ಸೋಮಾರಿತನ ಅಲ್ಲ, ಜಾಗದ ಕೊರತೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟ 40 ಕೆಬಿ. ನಾವು ಕ್ಯಾಸೆಟ್ ಅಂತ ಕರೆದು, ಊದಿ ಊದಿ ತುರುಕುತ್ತಿದ್ದೆವಲ್ಲ, ಅದರೊಳಗೆ ಇದ್ದಿದ್ದು ಇಷ್ಟೇ. ಸಣ್ಣ ಮಾರಿಯೋ ಅಂದರೆ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಓಡುವುದಕ್ಕೆ ಮೂರೇ ಚಿತ್ರ. ಅವನು ವೇಗ ಹೆಚ್ಚಿಸಿದಂತೆ ಆ ಮೂರು ಚಿತ್ರಗಳೂ ಬೇಗ ಬೇಗ ಬದಲಾಗುತ್ತವೆ. ಜೋರಾಗಿ ಓಡುವಾಗ ಹಿಂದಕ್ಕೆ ಒತ್ತಿ ನೋಡಿ. ಮೈ ಆ ಕಡೆ ತಿರುಗಿದೆ, ಕಾಲು ಮಾತ್ರ ಇನ್ನೂ ಈ ಕಡೆಗೇ ಜಾರುತ್ತಿದೆ. ಅದು ಒಂದೇ ಒಂದು ಚಿತ್ರ! ಅಷ್ಟರಲ್ಲೇ ಅವನ ತೂಕ ನಮ್ಮ ಕೈಗೆ ಗೊತ್ತಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ‘ಪ್ರಿನ್ಸ್ ಆಫ್ ಪರ್ಷಿಯಾ’. ಆ ಆಟ ಮಾಡಿದ ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೋ ತೆಗೆದು, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಬಿಡಿಸಿದರು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆಟ, ಕನ್ಸೋಲ್‌ಗಳಿಗೆ ಆಮೇಲೆ ಬಂತು. ರಾಜಕುಮಾರ ನಿಜವಾದ ಮನುಷ್ಯನ ಹಾಗೇ ಓಡುತ್ತಾನೆ, ಮನುಷ್ಯನ ಹಾಗೇ ನಿಲ್ಲುವುದಕ್ಕೂ ಹೊತ್ತು ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಗುಂಡಿ ಬಂದಿರುತ್ತದೆ. ಅಲ್ಲಿ ಬಟನ್ನನ್ನು ಒಂದು ಹೆಜ್ಜೆ ಮುಂಚೆಯೇ ಒತ್ತುವುದು ಕಲಿಯಬೇಕು.

ಹಾಗಾಗಿ ನಾನು ಫ್ರೇಮ್ ಎಷ್ಟು ಅಂತ ಎಣಿಸುವುದಿಲ್ಲ, ಅವನ್ನು ಯಾರ ಮೇಲೆ ಖರ್ಚು ಮಾಡಿದ್ದಾರೆ ಅಂತ ನೋಡುತ್ತೇನೆ. ಕೆಂಡದ ಮೇಲೆ ಕುಣಿಯುವ ಕಾವಲುಗಾರ ನಮ್ಮ ಬಟನ್ನಿಗೆ ಕಾಯುತ್ತಿಲ್ಲ. ಅವನು ಎಷ್ಟು ಹೊತ್ತು ಕುಣಿದರೂ ನಷ್ಟ ಇಲ್ಲ.

ನಿಯೋ ಜಿಯೋ ಎಂಬ ಗೇಮ್ ಯಂತ್ರದ ‘ಮೆಟಲ್ ಸ್ಲಗ್’ (1996) ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡ ಆಟ. ಸುಮಾರು 24 ಎಂಬಿ, ಅಂದರೆ ಆರುನೂರು ಮಾರಿಯೋ ಆಟಗಳ ಜಾಗ. ನೀವು ಒತ್ತಿದ ಕೂಡಲೇ ಗುಂಡು ಹಾರುತ್ತದೆ. ವೈಯಾರವೆಲ್ಲ ಶತ್ರು ಸೈನಿಕರಿಗೆ: ಸುಮ್ನೆ ಕೂತು ಹರಟುತ್ತಿದ್ದವರು ನಿಮ್ಮನ್ನು ಕಂಡು ಬೆಚ್ಚಿಬಿದ್ದು ಕಿರುಚುತ್ತಾರೆ. ಅವರನ್ನೇ ನೋಡುತ್ತಾ ನಿಂತು ನಾನು ಎಷ್ಟು ಸಲ ಸತ್ತಿದ್ದೇನೋ.