ಕೋವಿಡ್ ನ್ಯುಮೋನಿಯಾ ಆದಮೇಲೆ ಸ್ಕ್ಯಾನಿನಲ್ಲಿ ‘ಫೈಬ್ರೋಸಿಸ್’ ಅಂತ ಬಂದಿದೆ, ಶ್ವಾಸಕೋಶ ಇನ್ನು ಸರಿಹೋಗಲ್ವಾ?

ಹೆಚ್ಚಿನವರಿಗೆ ಬಹಳಷ್ಟು ಸರಿಹೋಗುತ್ತದೆ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಉಳಿದುಬಿಡುವುದೂ ನಿಜ.

2021ರ ಎರಡನೇ ಅಲೆಯಲ್ಲಿ ಎದೆಯ ಸಿಟಿ ಸ್ಕ್ಯಾನ್ ಆದಮೇಲೆ ‘25ಕ್ಕೆ ಎಷ್ಟು ಸ್ಕೋರ್’ ಅಂತಲೇ ಎಲ್ಲರೂ ಕೇಳುತ್ತಿದ್ದರು ಅಲ್ವಾ? ಆ ಸ್ಕೋರ್ ಹೇಳುವುದು ಅವತ್ತು ಶ್ವಾಸಕೋಶದ ಎಷ್ಟು ಭಾಗಕ್ಕೆ ಪೆಟ್ಟು ಬಿದ್ದಿತ್ತು ಅಂತ ಮಾತ್ರ. ಎಷ್ಟು ಉಳಿಯುತ್ತದೆ ಅನ್ನುವುದು ಬೇರೆ ವಿಷಯ.

ನಮ್ಮ ಶ್ವಾಸಕೋಶದ ಗಾಳಿಚೀಲಗಳ ಗೋಡೆ ತುಂಬಾ ತೆಳು, ಆಮ್ಲಜನಕ ರಕ್ತಕ್ಕೆ ದಾಟುವುದು ಅಲ್ಲೇ. ಆ ಚೀಲಗಳು ಮುದುಡದಂತೆ ಕಾಪಾಡುವ ದ್ರವವನ್ನು ತಯಾರಿಸುವ ಕೆಲವು ಜೀವಕೋಶಗಳಿವೆ, ಗೋಡೆ ಹಾಳಾದರೆ ಹೊಸ ಕೋಶಗಳನ್ನು ಹುಟ್ಟಿಸಿ ರಿಪೇರಿ ಮಾಡುವುದೂ ಅವೇ, ಕೊರೋನಾ ವೈರಸ್ ನುಗ್ಗುವುದೂ ಅವಕ್ಕೇ. ರಿಪೇರಿ ತಡವಾದಾಗ ದೇಹ ಕೊಲಾಜೆನ್ ನಾರಿನಿಂದ ತೇಪೆ ಹಾಕುತ್ತದೆ. ಅದು ಕರಗದೆ ಗಟ್ಟಿಯಾದರೆ ಫೈಬ್ರೋಸಿಸ್. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಬಹಳ ದಿನ ವೆಂಟಿಲೇಟರ್ ಮೇಲಿದ್ದವರಿಗೆ ಈ ಅಪಾಯ ಜಾಸ್ತಿ.

ಕಾಯಿಲೆಯಾದ ಕೆಲವೇ ವಾರಗಳಲ್ಲಿ ತೆಗೆದ ಸ್ಕ್ಯಾನಿನಲ್ಲಿ ಕಾಣುವ ಗೆರೆಗಳೆಲ್ಲ ಗಟ್ಟಿಯಾದ ಕಲೆಯಲ್ಲ. ಇನ್ನೂ ಆರದ ಉರಿಯೂತವೂ ಹಾಗೇ ಕಾಣಬಹುದು, ಅದು ತಾನಾಗಿ ಅಥವಾ ಸ್ಟೆರಾಯ್ಡ್‌ನಿಂದ ಇಳಿಯಬಹುದು. ಹಾಗಾಗಿ ಆ ಒಂದು ಪದ ಓದಿ ಎದೆಗುಂದಬೇಡಿ. 2003ರಲ್ಲಿ ಸಾರ್ಸ್ (ಕೋವಿಡ್ ವೈರಸ್‌ನ ಹತ್ತಿರದ ಸಂಬಂಧಿಯಿಂದ ಬರುವ ಶ್ವಾಸಕೋಶದ ಕಾಯಿಲೆ) ಬಂದ ಬೀಜಿಂಗ್‌ನ ಆಸ್ಪತ್ರೆ ಸಿಬ್ಬಂದಿಯನ್ನು 15 ವರ್ಷ ಗಮನಿಸಿದಾಗ, ಚೇತರಿಕೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಆಗಿತ್ತು, ಆಮೇಲೆ ಉಳಿದ ಕಲೆ ಹೆಚ್ಚುಕಡಿಮೆ ಹಾಗೇ ಇತ್ತು.

ಮೂರು ತಿಂಗಳಾದರೂ ಏದುಸಿರು ಹೋಗಿಲ್ಲವಾ? ಶ್ವಾಸಕೋಶ ತಜ್ಞರ ಹತ್ತಿರ ಹೋಗಿ. ಆರು ನಿಮಿಷ ನಡೆಸಿ ಆಮ್ಲಜನಕ ಇಳಿಯುತ್ತದಾ ನೋಡುವ ಪರೀಕ್ಷೆ, ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ಸಲೀಸಾಗಿ ದಾಟುತ್ತದೆ ಅಂತ ಅಳೆಯುವ ಡಿಎಲ್‌ಸಿಒ ಪರೀಕ್ಷೆ, ಇವೆರಡೂ ನಿಮ್ಮ ಹಳೇ ಸ್ಕೋರಿಗಿಂತ ಜಾಸ್ತಿ ಹೇಳುತ್ತವೆ. ರಕ್ತಹೀನತೆ, ಹೃದಯದ ತೊಂದರೆ, ಮಲಗಿ ಮಲಗಿ ಸೊರಗಿದ ಸ್ನಾಯು, ಇವುಗಳಿಂದಲೂ ಏದುಸಿರು ಬರಬಹುದು, ಅವನ್ನೂ ನೋಡಿಸಿ. ಸುಮ್ನೆ ಮೆಡಿಕಲ್ ಶಾಪಿನಿಂದ ಸ್ಟೆರಾಯ್ಡ್ ತಂದು ನುಂಗಬೇಡಿ, ಸಕ್ಕರೆ ಕಾಯಿಲೆ ಇದ್ದವರಂತೂ ಬೇಡವೇ ಬೇಡ.

ಆದರೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಜೊತೆಗೆ ಎದೆನೋವು ಅಥವಾ ಒಂದೇ ಕಾಲಿನ ಊತ ಕಂಡರೆ, ಅದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು. ಆಗ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.