ಲೋಕಿಯ ಕೋಟೆ, ಅದರ ಆಚೆಯ ಕೆಸರು

ಉತ್ತರ ಯುರೋಪಿನ ನಾರ್ಸ್ ಪುರಾಣದ ಲೋಕಿ ಹುಟ್ಟಿನಿಂದ ದೈತ್ಯನ ಮಗ, ವಾಸ ಮಾತ್ರ ದೇವತೆಗಳ ನಡುವೆ. ಒಮ್ಮೆ ಸಾಲ್ಮನ್ ಮೀನಾಗುತ್ತಾನೆ, ಇನ್ನೊಮ್ಮೆ ಹೆಣ್ಣು ಕುದುರೆ. 2008ರಲ್ಲಿ ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ಕಡಲತಳದಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, 300 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಉಗುಳುವ ಖನಿಜದ ಗೋಪುರಗಳು ಕಂಡವು. ಬರ್ಗನ್ ವಿಶ್ವವಿದ್ಯಾಲಯದ ಮುಂದಾಳತ್ವದ ತಂಡ ಆ ಜಾಗಕ್ಕೆ 'ಲೋಕಿಯ ಕೋಟೆ' ಎಂದು ಹೆಸರಿಟ್ಟಿತು.

ಆದರೆ ಜೀವವಿಜ್ಞಾನವನ್ನು ಅಲುಗಾಡಿಸಿದ್ದು ಆ ಗೋಪುರಗಳಲ್ಲ, ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ತಣ್ಣನೆಯ ಕೆಸರು. ಅದರಲ್ಲಿದ್ದ ಸಕಲ ಸೂಕ್ಷ್ಮಜೀವಿಗಳ ಡಿಎನ್‌ಎಯನ್ನು ಒಟ್ಟಿಗೇ ಹೊರತೆಗೆದು, ಚೂರುಗಳನ್ನು ಓದಿ ಕಂಪ್ಯೂಟರಿನಲ್ಲಿ ಜೋಡಿಸಿದಾಗ 2015ರಲ್ಲಿ ಹೊಸ ಆರ್ಕಿಯಾ ಗುಂಪೊಂದು ಹೊರಬಂತು. ಹೆಸರು ಲೋಕಿಆರ್ಕಿಯೋಟ. ಆರ್ಕಿಯಾ ಎಂದರೆ ಬ್ಯಾಕ್ಟೀರಿಯಾದಂತೆ ಕಾಣುವ, ಆದರೆ ಅದರಿಂದ ಬೇರೆಯಾದ ಏಕಕೋಶ ಜೀವಿಗಳು. ಇವುಗಳಿಗೆ ಕೋಶಕೇಂದ್ರವಿಲ್ಲ, ಮನುಷ್ಯ, ಮರ, ಅಣಬೆಗಳ ಕೋಶಗಳಿಗಿದೆ. ಆದರೂ ಲೋಕಿಆರ್ಕಿಯೋಟದ 5,381 ಪ್ರೋಟೀನ್ ವಂಶವಾಹಿಗಳಲ್ಲಿ 175 ನಮ್ಮಂಥವರ ವಂಶವಾಹಿಗಳನ್ನು ಹೋಲುತ್ತಿದ್ದವು. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್‌ನ ವಂಶವಾಹಿಯೂ ಅವುಗಳಲ್ಲಿತ್ತು.

ಇದು ನಿಜಕ್ಕೂ ನಮ್ಮ ನೆಂಟನೇ ಎಂಬ ಅನುಮಾನ ಎದ್ದದ್ದು ಸಹಜ. ಜೀವಿಯನ್ನು ಕಣ್ಣಾರೆ ಯಾರೂ ಕಂಡಿರಲಿಲ್ಲ. ಕೆಸರಿನಲ್ಲಿ ಬೇರೆ ಜೀವಿಗಳ ಡಿಎನ್‌ಎಯೂ ಇರುತ್ತದೆ. ಅದರ ಚೂರೊಂದು ತಪ್ಪು ಜೋಡಣೆಗೆ ಸೇರಿದರೆ ಇಲ್ಲದ ನೆಂಟಸ್ತಿಕೆ ಹುಟ್ಟಿಬಿಡುತ್ತದೆ. ಆಮೇಲೆ ಬೇರೆ ಬೇರೆ ಕಡೆಯ ಕೆಸರಿನಿಂದ ನಾರ್ಸ್ ದೇವತೆಗಳಾದ ಥಾರ್, ಓಡಿನ್, ಹೈಮ್ಡಾಲ್ ಹೆಸರಿನ ಆರ್ಕಿಯಾ ಗುಂಪುಗಳು ಸಿಕ್ಕವು. ಅವುಗಳಲ್ಲೂ ಅದೇ ಬಗೆಯ ವಂಶವಾಹಿಗಳಿದ್ದವು. ಇಡೀ ಬಳಗಕ್ಕೆ 2017ರಲ್ಲಿ ದೇವತೆಗಳ ನೆಲೆಯಾದ 'ಆಸ್ಗಾರ್ಡ್' ಹೆಸರು ಬಂತು. ನಮಗೆ ಅತಿ ಹತ್ತಿರದ ನೆಂಟರು ಹೈಮ್ಡಾಲ್ ಗುಂಪಿನೊಳಗಿವೆ ಎಂದು 2023ರ ವಿಶ್ಲೇಷಣೆ ಹೇಳಿತು. ಪುರಾಣದಲ್ಲಿ ದೇವಲೋಕವನ್ನೂ ಮನುಷ್ಯಲೋಕವನ್ನೂ ಕೂಡಿಸುವ ಬೈಫ್ರಾಸ್ಟ್ ಸೇತುವೆಗೆ ಕಾವಲುಗಾರ ಈ ಹೈಮ್ಡಾಲನೇ. ಹೆಸರು ಚೆನ್ನಾಗಿಯೇ ಹೊಂದಿತು.

ಇವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದೆಂದರೆ ತಪಸ್ಸೇ ಸರಿ. ಜಪಾನಿನ ತಂಡ 2006ರಲ್ಲಿ 2,533 ಮೀಟರ್ ಆಳದಿಂದ ಕೆಸರು ತಂದು, ಮೀಥೇನ್ ಹಾಯಿಸುವ ತೊಟ್ಟಿಯಲ್ಲಿ 2,000 ದಿನಗಳಿಗೂ ಹೆಚ್ಚು ಕಾಲ ಇಟ್ಟಿತು. ಆಮೇಲೆ ಗಾಜಿನ ಕೊಳವೆಗಳಿಗೆ ಹಾಕಿ ಅಮೈನೋ ಆಮ್ಲ ಉಣಿಸಿತು, ಬ್ಯಾಕ್ಟೀರಿಯಾ ತಡೆಯಲು ಪ್ರತಿಜೀವಕ ಬೆರೆಸಿತು. ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷದಲ್ಲಿ ಇಮ್ಮಡಿಯಾದರೆ, ಅಲ್ಲಿ ಬೆಳೆದ ಲೋಕಿ ಗುಂಪಿನ ಆರ್ಕಿಯಾಗೆ 14ರಿಂದ 25 ದಿನ ಬೇಕು. ಒಂಟಿಯಾಗಿ ಬೆಳೆಯುವುದೂ ಇಲ್ಲ. ಇದು ಬಿಡುವ ಹೈಡ್ರೋಜನ್ ಶೇಖರವಾದರೆ ಬೆಳವಣಿಗೆ ನಿಲ್ಲುತ್ತದೆ, ಹಾಗಾಗಿ ಆ ಹೈಡ್ರೋಜನ್ ತಿನ್ನುವ ಜೊತೆಗಾರ ಬೇಕೇ ಬೇಕು. 2020ರಲ್ಲಿ ಲೋಕಕ್ಕೆ ಕಂಡದ್ದು ಅರ್ಧ ಮೈಕ್ರೋಮೀಟರಿಗಿಂತ ತುಸು ದಪ್ಪದ ಪುಟ್ಟ ಗುಂಡು, ಅದರಿಂದ ಕವಲೊಡೆದ ಉದ್ದ ತೋಳುಗಳು. ತಂಡ ಮಾತ್ರ ನಾರ್ಸ್ ಬಿಟ್ಟು ಗ್ರೀಕಿನ ಪ್ರೊಮಿಥಿಯಸ್‌ನ ಹೆಸರಿಟ್ಟಿತು.

ಎರಡು ವರ್ಷದ ನಂತರ ವಿಯೆನ್ನಾದ ಸಂಶೋಧಕರು ಮತ್ತೊಂದು ಲೋಕಿಯನ್ನು ಬೆಳೆಸಿದರು. ಈ ಬಾರಿ ಕೆಸರು ಆಳಸಮುದ್ರದ್ದಲ್ಲ, ಸ್ಲೊವೇನಿಯಾದ ಪಿರಾನ್ ಊರಿನ ದಡದ್ದು. ಹೆಪ್ಪುಗಟ್ಟಿಸಿದ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ತೋಳುಗಳುದ್ದಕ್ಕೂ ಆಕ್ಟಿನ್ ಎಳೆಗಳು ಹಬ್ಬಿದ್ದವು.